ಪಾಕ ಕೇಳಬೇಡಿ, ನಿನ್ನೆ ಏನು ಉಂಡಿರಿ ಎಂದು ಕೇಳಿ

ಕಾಸರಗೋಡಿನ ಪೆರ್ಲದ ಹತ್ತಿರದ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ನನಗೆ ಕೆಸುವಿನ ಎಲೆಯ ಪತ್ರೊಡೆ ಮಾಡುವ ಕ್ರಮವನ್ನು ಅರ್ಧ ಗಂಟೆ ಹೇಳಿದರು. ಬೆಳ್ತಿಗೆ ಅಕ್ಕಿ ಇಷ್ಟು, ಕಾಯಿ ಇಷ್ಟು, ಹುಣಸೆಹುಳಿ, ಬೆಲ್ಲ, ಕೊತ್ತಂಬರಿ, ಜೀರಿಗೆ, ಒಣಮೆಣಸು. ನಾನು ಒಂದಕ್ಷರ ಬಿಡದೆ ಬರೆದುಕೊಂಡೆ. ಹತ್ತು ದಿನ ಕಳೆದು, ಜೋರು ಮಳೆಯ ಆಟಿ ತಿಂಗಳ ಒಂದು ಬೆಳಿಗ್ಗೆ ಅದೇ ಮನೆಗೆ ಹೋದಾಗ ಅವರು ಪತ್ರೊಡೆಗೇ ಅರೆಯುತ್ತಿದ್ದರು. ಹುಣಸೆಹುಳಿ ಇಲ್ಲ, ಬಾವಿಕಟ್ಟೆಯ ಪಕ್ಕದ ಮರದ ಹುಳಿಕಾಯಿ, ಬೀಂಬುಳಿ. ಎಲೆ ನೆಲದ ಕೆಸುವಿನದ್ದಲ್ಲ, ಮಗ ತೋಟದ ಮರದಿಂದ ಕೊಯ್ದು ತಂದ ಮರಕೆಸು. ಬೆಂದ ಮೇಲೆ ಮೊದಲ ನಾಲ್ಕು ತುಂಡು ಬಾಳೆಲೆಯಲ್ಲಿ ಕಟ್ಟಿ ಬದಿಗಿಟ್ಟರು. ಯಾರಿಗೆ ಅಜ್ಜಿ ಎಂದು ಕೇಳಿದೆ. ಅಡಿಕೆ ಸುಲಿಯಲು ಬರುವ ಹೆಂಗಸಿನ ಮನೆಗೆ, ಅವಳ ಮಗಳು ಬಸುರಿ, ಪತ್ರೊಡೆ ತಿನ್ನಬೇಕು ಅಂತ ಆಸೆಯಂತೆ ಎಂದರು.

ಇದ್ಯಾವುದೂ ನನ್ನ ಪುಸ್ತಕದಲ್ಲಿ ಇರಲಿಲ್ಲ. ಅಜ್ಜಿ ಸುಳ್ಳು ಹೇಳಿರಲಿಲ್ಲ. ನಾನು ಪಾಕ ಕೇಳಿದ್ದೆ, ಅವರು ಪಾಕ ಹೇಳಿದ್ದರು. ನನಗೆ ತಿಳಿಯಬೇಕಾಗಿದ್ದದ್ದು ಆ ಮನೆ.

ನನ್ನ ಊರು ನೀರ್ಚಾಲು. ಓದಿದ್ದು ಮಾನವಶಾಸ್ತ್ರ. ಒಂಬತ್ತು ವರ್ಷದಿಂದ ಬದಿಯಡ್ಕ, ಕುಂಬಳೆ, ಮೊಗ್ರಾಲ್, ಮಂಜೇಶ್ವರ, ಎಣ್ಮಕಜೆ ಕಡೆಯ ಮನೆಗಳಲ್ಲಿ ಕೂತು ಊಟದ ಬಗ್ಗೆ ಬರೆದುಕೊಳ್ಳುತ್ತಾ ಇದ್ದೇನೆ. ಈಗೀಗ ಕಾಲೇಜಿನ ಮಕ್ಕಳು, ಕನ್ನಡ ಶಾಲೆಯ ಕೆಲವು ಮಾಷ್ಟ್ರುಗಳು, ಊರು ಬಿಟ್ಟು ದೂರ ಇರುವವರು ನನ್ನನ್ನು ಕೇಳುತ್ತಾರೆ: ನಮ್ಮ ಮನೆಯ ಅಡಿಗೆ ಬಗ್ಗೆ ಬರೆದಿಡಬೇಕು, ಎಲ್ಲಿಂದ ಶುರು ಮಾಡುವುದು? ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶುರು ಮಾಡುವುದು ನಿನ್ನೆಯಿಂದ. "ನಿನ್ನೆ ಈ ಹೊತ್ತಿನಿಂದ ಇವತ್ತು ಈ ಹೊತ್ತಿನವರೆಗೆ ಏನೇನು ಉಂಡಿರಿ, ತಿಂದಿರಿ, ಕುಡಿದಿರಿ?" ಇಷ್ಟು ಸಾಕು. ಪೌಷ್ಟಿಕಾಂಶದ ಅಧ್ಯಯನ ಮಾಡುವವರೂ ಈ 24 ಗಂಟೆಯ ಲೆಕ್ಕವನ್ನೇ ಕೇಳುತ್ತಾರೆ. "ಸಾಮಾನ್ಯವಾಗಿ ನಿಮ್ಮಲ್ಲಿ ಏನು ಅಡಿಗೆ?" ಎಂದು ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ಹೇಗಿರಬೇಕೋ ಅದನ್ನು ಹೇಳುತ್ತಾರೆ. ನಮ್ಮಲ್ಲಿ ದಿನಾ ತಂಬುಳಿ, ಕೊದಿಲು, ಒಂದು ಪಲ್ಯ ಎನ್ನುತ್ತಾರೆ. ನಿನ್ನೆಯದ್ದು ಕೇಳಿದರೆ ಮಧ್ಯಾಹ್ನ ಗಂಜಿ ಮತ್ತು ಮಾವಿನ ಮಿಡಿ ಉಪ್ಪಿನಕಾಯಿ, ಸಂಜೆ ಮಗ ಬದಿಯಡ್ಕ ಪೇಟೆಯಿಂದ ತಂದ ಪಫ್ಸ್ ಎಂದು ಬರುತ್ತದೆ. ಎರಡೂ ಬೇಕು. ಆದರೆ ಮೊದಲು ನಿನ್ನೆಯದ್ದು.

ಒಂದು ಸಲ ಹೇಳಿ ಮುಗಿದ ಮೇಲೆ ಮತ್ತೆ ಮೊದಲಿಂದ ಬನ್ನಿ. ಚಾ ಎಷ್ಟು ಸಲ? ತೋಟಕ್ಕೆ ಹೋದಾಗ ಏನಾದರೂ ಬಾಯಿಗೆ ಹಾಕಿದಿರಾ? ಎಲೆ ಅಡಿಕೆ? ಮಗು ಬಿಟ್ಟ ದೋಸೆ? ಹೆಂಗಸರ ಹೊಟ್ಟೆಗೆ ಹೋಗುವ ಎಷ್ಟೋ ಅನ್ನ ಈ ಎರಡನೇ ಸುತ್ತಿನಲ್ಲೇ ಸಿಗುವುದು. ನಿಂತುಕೊಂಡು ತಿಂದದ್ದನ್ನು ಅವರು ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೇಳಿದ ಒಂದೊಂದು ಪದಾರ್ಥಕ್ಕೂ ನಾಲ್ಕು ಮಾತು ಕೇಳಿ. ಎಲ್ಲಿಂದ ಬಂತು, ಯಾರು ಮಾಡಿದರು, ಯಾರೆಲ್ಲ ಉಂಡರು, ಉಳಿದದ್ದು ಎಲ್ಲಿಗೆ ಹೋಯಿತು. ಉಳಿದದ್ದರ ಉತ್ತರ ಮನೆಯಿಂದ ಮನೆಗೆ ಬೇರೆ. ದನ ಕುಡಿಯುವ ಅಕ್ಕಚ್ಚಿಗೆ, ನಾಯಿಗೆ, ಫ್ರಿಜ್ಜಿಗೆ, ನಾಳೆಯ ಬೆಳಗಿನ ತಿಂಡಿಗೆ. ದನ ಮಾರಿದ ಮನೆಯಲ್ಲಿ ಅಕ್ಕಚ್ಚಿನ ಬಾಲ್ದಿ ಇನ್ನೂ ಅಲ್ಲೇ ಇಟ್ಟುಕೊಂಡಿರುವುದನ್ನು ಎರಡು ಕಡೆ ನೋಡಿದ್ದೇನೆ. ಚೆಲ್ಲಲು ಮನಸ್ಸು ಬರುವುದಿಲ್ಲ ಎಂದರು.

"ಎಲ್ಲಿಂದ ಬಂತು" ಎನ್ನುವುದು ತುಂಬ ದೂರ ಕರೆದುಕೊಂಡು ಹೋಗುವ ಪ್ರಶ್ನೆ. ಅಕ್ಕಿಯನ್ನೇ ತೆಗೆದುಕೊಳ್ಳಿ. ಇವತ್ತು ಅಕ್ಕಿ ಬರುವುದು ರೇಷನ್ ಅಂಗಡಿಯಿಂದ ಅಥವಾ ಪೇಟೆಯಿಂದ. ಕೇರಳದ ರೇಷನ್ ಕಾರ್ಡಿಗೆ ನಾಲ್ಕು ಬಣ್ಣ: ಹಳದಿ, ಗುಲಾಬಿ, ನೀಲಿ, ಬಿಳಿ. ಮನೆಯ ಕಾರ್ಡಿನ ಬಣ್ಣ ಯಾವುದು ಎಂದರೆ ಎಷ್ಟು ಅಕ್ಕಿ, ಯಾವ ಬೆಲೆಗೆ ಎಂದು ಅರ್ಧ ತಿಳಿದ ಹಾಗೆ. ಬಣ್ಣ ನೀವಾಗಿ ಕೇಳಬೇಡಿ, ಮಾತಿನ ನಡುವೆ ಅವರಾಗಿ ಹೇಳುತ್ತಾರೆ. ಆಮೇಲೆ ಹಿರಿಯರ ಹತ್ತಿರ, "ನೀವು ಸಣ್ಣವರಿರುವಾಗ ಅಕ್ಕಿ ಎಲ್ಲಿಂದ ಬರುತ್ತಿತ್ತು?" ಎಂದು ಕೇಳಿ. ಆಗ ಮುಡಿಯ ಮಾತು ಬರುತ್ತದೆ. ಬೈಹುಲ್ಲು ಸುತ್ತಿ ಹಗ್ಗ ಬಿಗಿದು ಕಟ್ಟಿದ ಅಕ್ಕಿ ಮುಡಿ, ಒಂದಕ್ಕೆ 42 ಸೇರು. ಮುಡಿಯ ಹಿಂದೆಯೇ ಗೇಣಿಯ ಮಾತು. ವರ್ಷಕ್ಕೆ ಇಷ್ಟು ಮುಡಿ ಧಣಿಗಳ ಮನೆಗೆ ಹೊತ್ತು ಹಾಕಬೇಕಿತ್ತು ಎಂದು ಒಬ್ಬರು, ಇಷ್ಟು ಮುಡಿ ನಮ್ಮ ಅಂಗಳಕ್ಕೆ ಬಂದು ಬೀಳುತ್ತಿತ್ತು ಎಂದು ಇನ್ನೊಬ್ಬರು. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ಹೋಯಿತು. ಆ ತಾರೀಕು ಅಜ್ಜಿಗೆ ನೆನಪಿರುವುದಿಲ್ಲ. ಮುಡಿ ಬರುವುದು ನಿಂತ ವರ್ಷ ಅಟ್ಟ ಖಾಲಿಯಾಗಿ ಕಂಡದ್ದು ನೆನಪಿರುತ್ತದೆ. ಅಥವಾ ತಮ್ಮ ಗದ್ದೆಯ ಅಕ್ಕಿ ಮೊದಲ ಸಲ ಪೂರ್ತಿ ತಮ್ಮಲ್ಲೇ ಉಳಿದದ್ದು. ಆಮೇಲೆ ಅದೇ ಗದ್ದೆಗೆ ಅಡಿಕೆ ಸಸಿ ಬಂದದ್ದು. ಒಂದು ತಟ್ಟೆ ಅನ್ನದ ಹಿಂದೆ ಹೋದರೆ ಇಷ್ಟೆಲ್ಲ ಸಿಗುತ್ತದೆ. ನನಗೆ ಈ ಕೆಲಸ ಬಿಡಲಾಗದ್ದು ಇದಕ್ಕೇ.

ನೀರನ್ನು ಮರೆಯಬೇಡಿ. ನಮ್ಮ ಕಡೆ ಮುರಕಲ್ಲಿನ ಗುಡ್ಡ ಕೊರೆದು ಮಾಡಿದ ಸುರಂಗದ ನೀರು ಕುಡಿಯುವ ಮನೆಗಳು ಈಗಲೂ ಇವೆ. ಎಣ್ಮಕಜೆಯಂಥ ಕಡೆ ನೀರಿನ ಪ್ರಶ್ನೆ ಕೇಳುವಾಗ ಮಾತ್ರ ಜಾಗ್ರತೆ ಬೇಕು. ಗೇರುತೋಟಗಳ ಮೇಲೆ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರುಗಳು ಅವು. ಪ್ರಶ್ನೆ ಕೇಳುವವರು, ಫೋಟೋ ತೆಗೆಯುವವರು ಎಷ್ಟೋ ಮಂದಿ ಬಂದು ಹೋಗಿದ್ದಾರೆ. ಅಂಥ ಒಂದು ಮನೆಯಲ್ಲಿ ಮಲಗಿದಲ್ಲೇ ಇರುವ ದೊಡ್ಡ ಮಗನಿಗೆ ತಾಯಿ ಗಂಜಿ ಕುಡಿಸುತ್ತಿದ್ದರು. ಒಂದು ಚಮಚಕ್ಕೂ ಇನ್ನೊಂದಕ್ಕೂ ನಡುವೆ ತುಂಬ ಹೊತ್ತು. ನಾನು ಪುಸ್ತಕ ತೆಗೆಯಲೇ ಇಲ್ಲ. ಅವರ ಪಾತ್ರೆ ತೊಳೆದುಕೊಟ್ಟು ಬಂದೆ. ಮೂರನೇ ಸಲ ಹೋದಾಗ ಅವರೇ ಮಾತಾಡಿದರು.

ಇನ್ನು, "ಮನೆ" ಅಂದರೆ ಯಾರೆಲ್ಲ ಎಂದು ಮೊದಲೇ ನಿಮ್ಮಲ್ಲಿ ಇತ್ಯರ್ಥ ಮಾಡಿಕೊಳ್ಳಿ. ನಮ್ಮ ದೇಶದ ಜನಗಣತಿಯಲ್ಲಿ ಒಟ್ಟಿಗೆ ಇದ್ದು ಒಂದೇ ಅಡಿಗೆಮನೆಯಲ್ಲಿ ಉಣ್ಣುವವರನ್ನು ಒಂದು ಕುಟುಂಬ ಎಂದು ಎಣಿಸುತ್ತಾರೆ. ನಮ್ಮ ಊರಿನ ಮಾತೂ ಅದೇ ಅಲ್ವಾ? ಅಣ್ಣ ತಮ್ಮ ಪಾಲಾದರು ಎನ್ನುವ ಮೊದಲು "ಒಲೆ ಬೇರೆ ಆಯಿತು" ಎನ್ನುತ್ತೇವೆ. ಒಂದೇ ಮಾಡಿನ ಅಡಿಯಲ್ಲಿ ಎರಡು ಒಲೆ ಇದ್ದರೆ ಎರಡು ಪುಟ ಬರೆಯಿರಿ. ಮೊಗ್ರಾಲಿನ ಒಂದು ಮನೆಯಲ್ಲಿ ನಾನು ಇದರಲ್ಲೇ ಎಡವಿದೆ. ಯಜಮಾನರು ಹದಿನಾಲ್ಕು ವರ್ಷದಿಂದ ಶಾರ್ಜಾದಲ್ಲಿ. ಅವರನ್ನು ಲೆಕ್ಕದಿಂದ ಬಿಟ್ಟೆ. ಅಲ್ಲಿಯ ಉಮ್ಮ (ತಾಯಿ) ಬೇಜಾರು ಮಾಡಿಕೊಂಡರು. ದಿನಾ ರಾತ್ರಿ ವಿಡಿಯೋ ಕಾಲ್ ಮಾಡಿ ಇವತ್ತು ಏನು ಪದಾರ್ಥ ಎಂದು ಕೇಳುವುದು ಯಜಮಾನರೇ, ಮೀನು ಯಾವುದು ತರಬೇಕು ಎಂದು ಹೇಳುವುದೂ ಅವರೇ. ಅವರು ಊರಿಗೆ ಬರುವ ತಿಂಗಳು ಆ ಅಡಿಗೆಮನೆಯೇ ಬೇರೆ. ಈಗ ನಾನು ಎರಡು ಪಟ್ಟಿ ಇಡುತ್ತೇನೆ. ಇಲ್ಲಿ ಉಣ್ಣುವವರು ಒಂದು, ಇಲ್ಲಿಯ ಊಟದ ಬಗ್ಗೆ ಯಾರ ಮಾತು ನಡೆಯುತ್ತದೋ ಅವರು ಇನ್ನೊಂದು.

ಗಂಡಸರು ದೂರದ ದುಡಿಮೆಗೆ ಹೋದಾಗ ಊರಿನ ತಟ್ಟೆ ಬದಲಾಗುವುದು ನಮ್ಮಲ್ಲಿ ಮಾತ್ರ ಅಲ್ಲ. ಆಡ್ರಿ ರಿಚರ್ಡ್ಸ್ ಎಂಬ ಬ್ರಿಟಿಷ್ ಮಾನವಶಾಸ್ತ್ರಜ್ಞೆ 1930ರ ದಶಕದಲ್ಲಿ ಇಂದಿನ ಜಾಂಬಿಯಾದ ಬೆಂಬಾ ಜನರ ನಡುವೆ ಇದ್ದು, ಯಾರು ಏನು ಉಂಡರು, ಯಾರು ಯಾರಿಗೆ ಹಂಚಿದರು ಎಂದು ದಿನದಿನವೂ ಬರೆದರು, ತೂಕ ಮಾಡಿದರು. ಗಂಡಸರು ತಾಮ್ರದ ಗಣಿಗೆ ಹೋದ ಮೇಲೆ ಮರದ ಕೊಂಬೆ ಕಡಿದು ಸುಟ್ಟು ಹೊಲ ಮಾಡುವವರಿಲ್ಲದೆ ರಾಗಿ ಕಡಿಮೆಯಾದದ್ದನ್ನು ತೋರಿಸಿದರು. ಆ ಹೆಂಗಸು ಅಲ್ಲಿ ಮಾಡಿದ್ದನ್ನೇ ನಾವು ಇಲ್ಲಿ ಮಾಡಬೇಕಾದ್ದು. ಸುಮ್ನೆ ರುಚಿ ಹೊಗಳಿದರೆ ಆಗುವುದಿಲ್ಲ, ತಕ್ಕಡಿ ಬೇಕು.

ತಕ್ಕಡಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಸಿಗುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಅಡಿಗೆ ಮಾಡುವವರ ಕೈ ತಡೆಯಬೇಡಿ. ಬೆಲ್ಲದ ಡಬ್ಬಿಯನ್ನು ಮೊದಲೊಮ್ಮೆ, ಆಮೇಲೊಮ್ಮೆ ತೂಗಿ, ಕಳೆಯಿರಿ. ಉಪ್ಪಿಗೂ ಹಾಗೆಯೇ. ಕುಡ್ತೆ, ಸೇರು, ಪಾವು ಎಂದರೆ ಆ ಮನೆಯ ಪಾತ್ರೆಯನ್ನೇ ಇಸಿದುಕೊಂಡು ನೀರು ತುಂಬಿ ತೂಕ ನೋಡಿ. ಒಂದು ಮನೆಯ ಕುಡ್ತೆ ಇನ್ನೊಂದು ಮನೆಯ ಕುಡ್ತೆ ಅಲ್ಲ. "ನೆಲ್ಲಿಕಾಯಿಯಷ್ಟು ಹುಳಿ" ಎಂದರೆ ಹಾಗೆಯೇ ಬರೆದು ಪಕ್ಕದಲ್ಲಿ ಗ್ರಾಮ್ ಬರೆಯಿರಿ. ಅವರ ಮಾತನ್ನು ಅಳಿಸಿ ಗ್ರಾಮ್ ಮಾತ್ರ ಇಡುವುದು ತಪ್ಪು.

ಕೂರುವುದು ಎಲ್ಲಿ? ಜಗಲಿಯಲ್ಲಿ ಕುರ್ಚಿ ಹಾಕಿ ಕೊಡುತ್ತಾರೆ, ಅಲ್ಲಿ ಗಂಡಸರು ಮಾತಾಡುತ್ತಾರೆ, ಅಡಿಗೆಯ ಬಗ್ಗೆಯೂ ಅವರೇ ಮಾತಾಡುತ್ತಾರೆ. ಒಂದು ಲೋಟ ಪುನರ್ಪುಳಿ ಶರಬತ್ತು ಕುಡಿದು, ಮೆಲ್ಲಗೆ ಕೇಳಿ ಹಿಂದಿನ ಬಾಗಿಲಿನ ಕಡೆ ಹೋಗಿ. ಕೈಗೆ ಕೆಲಸ ಕೇಳಿಕೊಳ್ಳಿ. ಹಲಸಿನ ಸೊಳೆ ಬಿಡಿಸುವುದು, ಸೊಪ್ಪು ಹೆಕ್ಕುವುದು, ಬೆಳ್ಳುಳ್ಳಿ ಸುಲಿಯುವುದು. ಕೈ ಖಾಲಿ ಇಟ್ಟುಕೊಂಡು ಎದುರು ಕೂತರೆ ಅದು ಇಂಟರ್‌ವ್ಯೂ ಆಗುತ್ತದೆ. ಇಬ್ಬರ ಕೈಯಲ್ಲೂ ಕೆಲಸ ಇದ್ದರೆ ಮಾತು ತಾನಾಗಿ ಬರುತ್ತದೆ. ಗಂಡು ಹುಡುಗರು ನಮ್ಮನ್ನು ಒಳಗೆ ಬಿಡುವುದಿಲ್ಲ ಎನ್ನುತ್ತಾರೆ. ಕೆಲವು ಮನೆಗಳಲ್ಲಿ ಅದು ನಿಜ. ಅವರು ತಮ್ಮ ಸ್ವಂತ ಮನೆಯಿಂದ ಶುರು ಮಾಡಲಿ. ಅಮ್ಮನ ಹತ್ತಿರ ಒಂದು ವಾರ ಕೂತು ಬರೆಯಲಿ. ಮಡಿ ಇರುವ ಮನೆಯಾದರೆ ಹೊಸ್ತಿಲು ದಾಟುವ ಮೊದಲು ಕೇಳಿ. ನಿಮಗೆ ಆ ಪದ್ಧತಿ ಒಪ್ಪಿಗೆ ಇದೆಯೋ ಇಲ್ಲವೋ ಬೇರೆ ಮಾತು. ಬರೆಯಲು ಹೋದ ದಿನ ಅದು ಅವರ ಒಲೆ.

ಬಡಿಸುವ ಹೊತ್ತಿಗೆ ಪೆನ್ನು ಕೆಳಗಿಟ್ಟು ಕಣ್ಣು ತೆರೆದಿಡಿ. ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ ಅವರು ತಮಿಳು ಬ್ರಾಹ್ಮಣ ಮನೆಗಳನ್ನು ನೋಡಿ 1981ರಲ್ಲಿ ಬರೆದದ್ದು ಇದರ ಬಗ್ಗೆಯೇ. ಯಾರಿಗೆ ಮೊದಲು, ಯಾರಿಗೆ ಎಷ್ಟು, ಯಾರಿಗೆ ಎರಡನೇ ಸಲ ಎನ್ನುವುದರಲ್ಲೇ ಗೌರವ, ಮುನಿಸು, ಜಗಳ ಎಲ್ಲ ನಡೆಯುತ್ತದೆ. ಕುಂಬಳೆಯ ಹತ್ತಿರ ಒಂದು ದೊಡ್ಡ ಮನೆಯಲ್ಲಿ ಸೊಸೆ ಅಡಿಗೆ ಎಲ್ಲ ಮಾಡುತ್ತಾರೆ, ತುಪ್ಪ ಮಾತ್ರ ಅತ್ತೆ ಬಡಿಸುತ್ತಾರೆ. ಅತ್ತೆ ಆಸ್ಪತ್ರೆಯಲ್ಲಿದ್ದ ಹತ್ತು ದಿನ ಆ ಮನೆಯಲ್ಲಿ ಯಾರಿಗೂ ತುಪ್ಪ ಇರಲಿಲ್ಲ. ಭರಣಿ ಅಲ್ಲೇ ಇತ್ತು, ಬೀಗ ಏನೂ ಹಾಕಿರಲಿಲ್ಲ. ಸೊಸೆ ಮುಟ್ಟಲಿಲ್ಲ. ಇಂಥದ್ದನ್ನು ಯಾರನ್ನೂ ಕೇಳಿ ತಿಳಿಯಲಾಗದು. ಕೊನೆಗೆ ಉಂಡವರು ಯಾರು ಎಂದೂ ಕೇಳಬೇಡಿ, "ನಾವೆಲ್ಲ ಒಟ್ಟಿಗೇ" ಎಂಬ ಉತ್ತರ ಬರುತ್ತದೆ. ಕೊನೆಯವರು ಉಣ್ಣಲು ಕೂರುವಾಗ ಮೀನಿನ ಪಾತ್ರೆಯ ತಳದಲ್ಲಿ ತುಂಡು ಉಳಿದಿತ್ತೋ, ಬರೀ ಗಸಿ ಉಳಿದಿತ್ತೋ ನೋಡಿ.

ಕೆಲಸಕ್ಕೆ ಬಂದವರಿಗೆ ಜಾತಿ ನೋಡಿ ಅಂಗಳದಲ್ಲಿ ಬಡಿಸುತ್ತಿದ್ದ ಕಾಲದ ಬಗ್ಗೆಯೂ ಕೇಳಬೇಕು, ಎರಡೂ ಕಡೆಯವರನ್ನು ಕೇಳಬೇಕು. ಬಡಿಸಿದ ಮನೆಯವರು "ನಾವು ಯಾರನ್ನೂ ಹಸಿದುಕೊಂಡು ಕಳಿಸಲಿಲ್ಲ" ಎಂದರು. ಉಂಡ ಮನೆಯ ಹಿರಿಯ ಹೆಂಗಸು, ಗಂಜಿ ಒಳ್ಳೆಯದೇ ಇತ್ತು, ನೀರು ಕರಟದಲ್ಲಿ ಕೊಡುತ್ತಿದ್ದರು ಎಂದರು. ಇಬ್ಬರು ಹೇಳಿದ್ದೂ ನನ್ನ ಪುಸ್ತಕದಲ್ಲಿ ಎದುರುಬದುರು ಪುಟದಲ್ಲಿ ಇದೆ. ಒಂದನ್ನು ಮಾತ್ರ ಬರೆದು ಅದನ್ನು ಊರಿನ ಸಂಸ್ಕೃತಿ ಎಂದು ಕರೆಯಬಾರದು.

ಮಾತುಗಳನ್ನು ಅವರು ಆಡಿದ ಹಾಗೆಯೇ ಬರೆಯಿರಿ. ಕಾಸರಗೋಡಿನಲ್ಲಿ ಇದು ಜಾಸ್ತಿ ಮುಖ್ಯ, ಒಂದೇ ಓಣಿಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಇರುತ್ತದೆ. ನಮ್ಮ ಮನೆಯಲ್ಲಿ "ಬೇಳೆ" ಎಂದರೆ ಹಲಸಿನ ಬೀಜ. ನಾನು "ಬೇಳೆ ಬೇಯಿಸಿ ಒಣಗಿಸಿಡುತ್ತಾರೆ" ಎಂದು ಬರೆದದ್ದನ್ನು ಬೆಂಗಳೂರಿನ ಗೆಳತಿ ತೊಗರಿಬೇಳೆ ಎಂದೇ ಓದಿದಳು. ಬಕ್ಕೆ (ಗಟ್ಟಿ ಸೊಳೆಯ ಹಲಸು), ತುಳುವ (ಮೆತ್ತನೆಯದ್ದು), ಗುಜ್ಜೆ (ಎಳೆ ಹಲಸು), ಸೊಳೆ (ತೊಳೆ), ಎಲ್ಲಕ್ಕೂ ಒಂದು ಸಾಲಿನ ವಿವರ ಬೇಕು. ಕ್ರಿಯಾಪದವನ್ನೂ ಬದಲಿಸಬೇಡಿ. ಮಲಯಾಳದ ಮನೆಯಲ್ಲಿ ಗಂಜಿ ಕುಡಿಯುತ್ತಾರೆ, ತುಳುವಿನ ಮನೆಯಲ್ಲಿ ಉಣ್ಣುತ್ತಾರೆ. ತುಳುವಿನಲ್ಲಿ "ಒಣಸ್ ಆಂಡಾ?" ಎಂದು ಕೇಳಿದರೆ ಅದು ಅನ್ನದ ಮಾತು. ರಾತ್ರಿ ಎಂಟು ದೋಸೆ ತಿಂದವರೂ "ಊಟ ಮಾಡಲಿಲ್ಲ, ದೋಸೆ ತಿಂದೆ" ಎನ್ನುತ್ತಾರೆ. ಒಪ್ಪೊತ್ತು ಇರುವ ದಿನ ರಾತ್ರಿ ಅವಲಕ್ಕಿ, ಬಾಳೆಹಣ್ಣು, ಹಾಲು ಆದರೂ ಅದು ಊಟ ಅಲ್ಲ. ಮೇರಿ ಡಗ್ಲಸ್ ಎಂಬ ಮಾನವಶಾಸ್ತ್ರಜ್ಞೆ 1972ರ ಒಂದು ಲೇಖನದಲ್ಲಿ ತಮ್ಮ ಮನೆಯ ಮಾತನ್ನೇ ಬರೆದಿದ್ದಾರೆ. ರಾತ್ರಿಗೆ ಬರೀ ಸೂಪ್ ಸಾಕಾ ಎಂದು ಕೇಳಿದರೆ ಮನೆಯವರಿಗೆ ಚರ್ಚೆ ಶುರುವಾಗುತ್ತಿತ್ತಂತೆ, ಅದು ಊಟ ಹೇಗಾಗುತ್ತದೆ ಎಂದು. ಯಾವುದು ಊಟ, ಯಾವುದು ಅಲ್ಲ ಎಂಬ ಗೆರೆ ಪ್ರತಿ ಮನೆಯಲ್ಲೂ ಇದೆ. ಆ ಗೆರೆ ಸಿಕ್ಕಿದ ದಿನ ನಿಮ್ಮ ಕೆಲಸ ಒಂದು ಹಂತಕ್ಕೆ ಬಂತು ಎಂದು ತಿಳಿಯಿರಿ.

ಒಂದೇ ಭೇಟಿಯಲ್ಲಿ ಮುಗಿಸಬೇಡಿ. ಕಡಿಮೆಯೆಂದರೆ ಮೂರು ಸಲ ಹೋಗಿ. ಬೇಸಿಗೆಯಲ್ಲಿ ಒಮ್ಮೆ, ಆಟಿಯಲ್ಲಿ ಒಮ್ಮೆ, ಕೊಯ್ಲು ಅಥವಾ ಹಬ್ಬದ ಸಮಯಕ್ಕೆ ಒಮ್ಮೆ. ಬೇಸಿಗೆಯಲ್ಲಿ ಅಂಗಳ ತುಂಬ ಹಲಸಿನ ಹಪ್ಪಳ, ಮಾವಿನ ರಸದ ಮಾಂಬಳ ಒಣಗುತ್ತಿರುತ್ತದೆ. ಉಪ್ಪಿನಲ್ಲಿ ಹಾಕಿದ ಸೊಳೆ ಭರಣಿ ಸೇರುತ್ತದೆ. ಆಟಿಯಲ್ಲಿ ಹೋದರೆ ಅದೇ ಭರಣಿ ಎಷ್ಟು ಖಾಲಿಯಾಗಿದೆ ಎಂದು ತಿಳಿಯುತ್ತದೆ. ಮಂಜೇಶ್ವರದ ಕಡಲ ಬದಿಯ ಮನೆಗೆ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗಿನ ಟ್ರಾಲಿಂಗ್ (ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯುವ) ನಿಷೇಧದ ಸಮಯದಲ್ಲೂ ಹೋಗಿ, ಬೂತಾಯಿ ಮೀನು ಧಾರಾಳ ಸಿಗುವಾಗಲೂ ಹೋಗಿ. ರಂಜಾನಿನಲ್ಲಿ ಮುಸ್ಲಿಂ ಮನೆಗೆ ಹೋಗುವುದಿದ್ದರೆ ಮೊದಲೇ ಕೇಳಿಕೊಂಡು ಸಂಜೆಗೆ ಮುಂಚೆ ಹೋಗಿ ಉಪವಾಸ ಬಿಡುವ ಹೊತ್ತಿನ ತರಿಕಂಜಿ (ರವೆಯ ಗಂಜಿ) ಮಾಡುವಾಗ ಜೊತೆಗಿರಿ. ಮಧ್ಯಾಹ್ನ ಹೋಗಿ ನಿಮಗೊಂದು ಚಾ ಮಾಡಿಸಬೇಡಿ.

ಕೊಟ್ಟದ್ದನ್ನು ತಿನ್ನಿ. ಬೇಡವಾದರೆ ಕಾರಣ ಹೇಳಿ, ಸ್ವಲ್ಪ ಬಾಯಿಗೆ ಹಾಕಿ. ಇನ್ನೊಂದು ಮನೆಯ ಅಡಿಗೆಗೆ ಹೋಲಿಸಬೇಡಿ, ಹೊಗಳಲೂ ಹೋಲಿಸಬೇಡಿ. ಸಾಲ, ಕುಡಿತ, ಕಾಯಿಲೆ ಬರೆಯುವಾಗ ಹೆಸರು, ಮನೆ ಗೊತ್ತಾಗದ ಹಾಗೆ ಮಾಡಿ. ಸಣ್ಣ ಊರಿನಲ್ಲಿ ಹೆಸರು ಬದಲಿಸಿದರೆ ಮಾತ್ರ ಸಾಲದು, ಬಾವಿ ಎಲ್ಲಿದೆ ಎಂದು ಬರೆದರೂ ಮನೆ ತಿಳಿಯುತ್ತದೆ.

ರಾತ್ರಿ ಮಲಗುವ ಮೊದಲು ಬರೆದು ಮುಗಿಸಿ. ನಾಳೆಗೆ ಇಟ್ಟರೆ ಯಾರು ನಕ್ಕರು, ಯಾರು ಎದ್ದು ಹೋದರು ಎನ್ನುವುದು ಹೋಗಿಬಿಡುತ್ತದೆ. ಎಡಪುಟದಲ್ಲಿ ನೋಡಿದ್ದು, ಕೇಳಿದ್ದು ಮಾತ್ರ. ಬಲಪುಟ ಖಾಲಿ. ನಿಮಗೆ ಅನಿಸಿದ್ದು, ಆಮೇಲೆ ಗೊತ್ತಾದದ್ದು ಅಲ್ಲಿಗೆ. ಬರೆದದ್ದರ ಫೋಟೋ ತೆಗೆದು ಇನ್ನೊಂದು ಕಡೆ, ಬೇರೆ ಮನೆಯಲ್ಲಿ ಇಡಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಕಡೆಯ ಒಂದು ಹಳ್ಳಿಯಲ್ಲಿದ್ದು ಮಾಡಿದ ಕೆಲಸದ ಟಿಪ್ಪಣಿಗಳ ಮೂರು ಪ್ರತಿಯೂ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಹಚ್ಚಿದ ಬೆಂಕಿಯಲ್ಲಿ ಸುಟ್ಟವು. ಮೂರೂ ಒಂದೇ ಕಡೆ ಇದ್ದವು. ಅವರು ನೆನಪಿನಿಂದ ಪುಸ್ತಕ ಬರೆದರು. ನಮಗೆ ಅವರಷ್ಟು ನೆನಪು ಎಲ್ಲಿಂದ ಬರಬೇಕು?

ಕೊನೆಯ ಕೆಲಸ, ಬರೆದದ್ದನ್ನು ಆ ಮನೆಗೇ ತೆಗೆದುಕೊಂಡು ಹೋಗಿ ಓದಿ ಹೇಳುವುದು. ತುಂಬ ಜನ ಇದನ್ನು ಬಿಡುತ್ತಾರೆ. ನಾನು ಪೆರ್ಲದ ಅಜ್ಜಿಯ ಮನೆಗೆ ಹೋದದ್ದು ಆಟಿ ಕಳೆದು ಎರಡು ತಿಂಗಳ ಮೇಲೆ. ಅಜ್ಜಿಗೆ ಕಣ್ಣು ಮಂಜು, ಮೊಮ್ಮಗಳು ಜೋರಾಗಿ ಓದಿದಳು. ಬೀಂಬುಳಿಯ ಮಾತು ಬಂದಾಗ ಹೌದು ಎಂದು ತಲೆ ಆಡಿಸಿದರು. "ಮೊದಲ ನಾಲ್ಕು ತುಂಡು ಕಟ್ಟಿ ಬದಿಗಿಟ್ಟರು" ಎಂದು ಓದಿದ ಕೂಡಲೇ ತಡೆದರು.

"ನಾಲ್ಕಲ್ಲ ಮಗಳೇ, ಆರು. ಎರಡು ನಿನಗೆ ಅಂತ ಬೇರೆ ಎಲೆಯಲ್ಲಿ ಇಟ್ಟಿದ್ದೆ. ನೀನು ಬರೆಯುತ್ತಾ ಇದ್ದೆ, ಹಾಗೇ ಹೋದೆ."

ಬಲಪುಟದಲ್ಲಿ ಅದನ್ನು ಬರೆದುಕೊಂಡೆ.